ತ್ವೇರ್‌ನಲ್ಲಿ ಒಂದು ದಿನ: ಬೀದರ್ ಕಂಡ ವ್ಯಾಪಾರಿಯ ಊರನ್ನು ನೋಡುವ ಬಗೆ

ರಷ್ಯಾ ನೋಡಲು ಹೋಗುವ ನಮ್ಮವರಲ್ಲಿ ಹೆಚ್ಚಿನವರು ಮಾಸ್ಕೋ ಮತ್ತು ಸೇಂಟ್ ಪೀಟರ್ಸ್‌ಬರ್ಗ್‌ಗಳನ್ನು ಮುಗಿಸಿಕೊಂಡು ವಾಪಸಾಗುತ್ತಾರೆ. ಅವೆರಡನ್ನು ಬೆಸೆಯುವ ರೈಲುಮಾರ್ಗದಲ್ಲಿ, ಮಾಸ್ಕೋದಿಂದ ಸುಮಾರು 170 ಕಿಲೋಮೀಟರ್ ವಾಯವ್ಯಕ್ಕೆ, ವೋಲ್ಗಾ ನದಿಯ ದಡದಲ್ಲಿರುವ ತ್ವೇರ್ ನಗರ ಅವರಿಗೆ ಕಿಟಕಿಯಾಚೆ ಸರಿದುಹೋಗುವ ಒಂದು ನಿಲ್ದಾಣ ಮಾತ್ರ. ಕನ್ನಡಿಗರು ಅಲ್ಲಿ ಇಳಿಯುವುದಕ್ಕೆ ವಿಶೇಷ ಕಾರಣವೊಂದಿದೆ. ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬರುವುದಕ್ಕೆ ಹೆಚ್ಚುಕಡಿಮೆ ಕಾಲು ಶತಮಾನ ಮೊದಲೇ ಬೀದರ್, ಕಲಬುರಗಿ, ರಾಯಚೂರುಗಳ ಬಗ್ಗೆ ಬರೆದಿಟ್ಟ ಅಫನಾಸಿ ನಿಕಿತಿನ್ ಎಂಬ ವ್ಯಾಪಾರಿ ಹೊರಟದ್ದು ಇದೇ ಊರಿನಿಂದ. ಮಾಸ್ಕೋದಲ್ಲಿ ತಂಗಿರುವವರು ಬೆಳಿಗ್ಗೆ ಹೊರಟು ರಾತ್ರಿ ಮರಳುವಂತೆ ಈ ಊರನ್ನು ಹೇಗೆ ನೋಡಬಹುದು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಮೊದಲೇ ಒಂದು ಮಾತು ಹೇಳಿಬಿಡಬೇಕು. ಹಳೆಯ ಕೋಟೆ, ಬುರುಜು, ಸಾಲು ಸಾಲು ಗುಮ್ಮಟಗಳನ್ನು ನಿರೀಕ್ಷಿಸಿ ಹೋದವರಿಗೆ ತ್ವೇರ್ ನಿರಾಸೆ ಮಾಡುತ್ತದೆ. ಮಾಸ್ಕೋದೊಡನೆ ಸರಿಸಮನಾಗಿ ಸೆಣಸಿದ ಸ್ವತಂತ್ರ ಸಂಸ್ಥಾನದ ರಾಜಧಾನಿ ಇದಾಗಿತ್ತು. 1485ರಲ್ಲಿ ಮಾಸ್ಕೋ ಇದನ್ನು ನುಂಗಿತು. 1763ರ ಬೆಂಕಿಯಲ್ಲಿ ಮರದ ಕೋಟೆಯೂ ಊರಿನ ನಡುಭಾಗವೂ ಸುಟ್ಟುಹೋದವು. 1935ರಲ್ಲಿ ಮುಖ್ಯ ಇಗರ್ಜಿಯನ್ನು ಸಿಡಿಮದ್ದಿಟ್ಟು ಕೆಡವಿದರು. 1941ರ ಅಕ್ಟೋಬರ್ ನಡುವಿನಿಂದ ಡಿಸೆಂಬರ್ 16ರವರೆಗೆ ಊರು ಜರ್ಮನ್ ಸೇನೆಯ ವಶದಲ್ಲಿತ್ತು. ಹೆಸರು ಕೂಡ ಉಳಿಯಲಿಲ್ಲ, 1931ರಿಂದ 1990ರವರೆಗೆ ಇದು ಕಾಲಿನಿನ್ ಎಂದೇ ನಕಾಶೆಯಲ್ಲಿತ್ತು. ಹೀಗಾಗಿ ಇಲ್ಲಿ ಕಣ್ಣಿಗೆ ಬೀಳುವುದು ಬಹುಪಾಲು ಬೆಂಕಿಯ ನಂತರ ಕಟ್ಟಿದ ಊರು. ನಿಕಿತಿನ್ ಕಂಡ ತ್ವೇರ್‌ನಲ್ಲಿ ಇಂದು ಉಳಿದಿರುವುದು ನದಿಗಳಷ್ಟೇ ಎಂದರೆ ಅತಿಶಯವಲ್ಲ. ಆದ್ದರಿಂದ ದಿನದ ಯೋಜನೆಯನ್ನು ನದಿಯನ್ನು ಹಿಡಿದೇ ಮಾಡಿಕೊಳ್ಳುವುದು ಒಳ್ಳೆಯದು: ಬೆಳಿಗ್ಗೆ ವೋಲ್ಗಾದ ಬಲದಂಡೆ, ಮಧ್ಯಾಹ್ನದ ನಂತರ ಎಡದಂಡೆ.

ಹೊರಡುವ ಮುನ್ನ

ಭಾರತೀಯರಿಗೆ ರಷ್ಯಾದ ಇ-ವೀಸಾ ಸೌಲಭ್ಯ 2023ರ ಆಗಸ್ಟ್‌ನಿಂದ ಇದೆ. ಅದರ ಅವಧಿ ಮತ್ತು ಯಾವ ಯಾವ ಗಡಿಠಾಣೆಗಳಲ್ಲಿ ಅದು ನಡೆಯುತ್ತದೆ ಎಂಬ ನಿಯಮಗಳು ಬದಲಾಗುತ್ತಿರುವುದರಿಂದ ರಷ್ಯಾದ ವಿದೇಶಾಂಗ ಇಲಾಖೆಯ ಜಾಲತಾಣದಲ್ಲೇ ನೋಡಿ ಅರ್ಜಿ ಹಾಕಬೇಕು. ಉಕ್ರೇನ್ ಯುದ್ಧದ ಕಾರಣ ಭಾರತೀಯ ರಾಯಭಾರ ಕಚೇರಿ ಆಗಾಗ ಹೊರಡಿಸುವ ಸೂಚನೆಗಳನ್ನು ಹೊರಡುವ ವಾರವೂ ಒಮ್ಮೆ ಓದಿಕೊಳ್ಳುವುದು ಅಗತ್ಯ. ಅಲ್ಲಿಗೆ ಹೋದ ಮೇಲೆ ರೈಲ್ವೆ, ಸೇನೆ, ಪೊಲೀಸರಿಗೆ ಸಂಬಂಧಪಟ್ಟ ಯಾವುದನ್ನೂ ಫೋಟೋ ತೆಗೆಯಬಾರದು.

ಹಣದ ವಿಷಯದಲ್ಲಿ ಎಚ್ಚರ ತಪ್ಪಿದರೆ ದಿನವೇ ಕೆಡುತ್ತದೆ. 2022ರ ಮಾರ್ಚ್‌ನಿಂದ ಹೊರದೇಶಗಳಲ್ಲಿ ಕೊಟ್ಟ ವೀಸಾ, ಮಾಸ್ಟರ್‌ಕಾರ್ಡ್‌ಗಳು ರಷ್ಯಾದಲ್ಲಿ ನಡೆಯುವುದಿಲ್ಲ. ಎಟಿಎಂನಲ್ಲೂ ನಡೆಯುವುದಿಲ್ಲ, ಅಂಗಡಿಯಲ್ಲೂ ನಡೆಯುವುದಿಲ್ಲ. ಡಾಲರ್ ಅಥವಾ ಯೂರೋ ನೋಟುಗಳನ್ನು ಒಯ್ದು ಮಾಸ್ಕೋದ ಬ್ಯಾಂಕಿನಲ್ಲಿ ರೂಬಲ್ ಮಾಡಿಸಿಕೊಂಡು, ಆ ದಿನಕ್ಕೆ ಬೇಕಾದ ಹಣವನ್ನು ಚಿಕ್ಕ ನೋಟುಗಳ ಸಮೇತ ಜೇಬಿನಲ್ಲಿಟ್ಟುಕೊಂಡೇ ಹೊರಡಬೇಕು. ಪಾಸ್‌ಪೋರ್ಟ್ ಜೊತೆಗಿರಲಿ, ಏಕೆಂದರೆ ರೈಲಿನ ಟಿಕೆಟ್ಟನ್ನು ಅದರ ಸಂಖ್ಯೆಯ ಮೇಲೆಯೇ ಕೊಡುತ್ತಾರೆ. ದೇಶದೊಳಗೆ ಬರುವಾಗ ಸಿಕ್ಕ ವಲಸೆ ಚೀಟಿಯನ್ನೂ ಪಾಸ್‌ಪೋರ್ಟಿನೊಳಗೇ ಇಡಿ. ಮೊಬೈಲ್ ಇಂಟರ್ನೆಟ್ ಅಲ್ಲಲ್ಲಿ ನಿಂತುಹೋಗುವುದು ಈಚೆಗೆ ಸಾಮಾನ್ಯವಾಗಿರುವುದರಿಂದ ತ್ವೇರ್‌ನ ನಕಾಶೆಯನ್ನೂ ರಷ್ಯನ್ ಭಾಷೆಯ ಅನುವಾದ ಕಡತವನ್ನೂ ಮೊದಲೇ ಫೋನಿಗೆ ಇಳಿಸಿಕೊಳ್ಳಿ. ಸಿರಿಲಿಕ್ ಅಕ್ಷರಗಳನ್ನು ಒಂದು ಸಂಜೆ ಕೂತು ಕಲಿತರೆ ಬೀದಿ ಹೆಸರು ಮತ್ತು ಬಸ್ಸಿನ ಫಲಕ ಓದುವ ಮಟ್ಟಿಗೆ ಸಾಕಾಗುತ್ತದೆ. ವರ್ಣಮಾಲೆಯ ಅಭ್ಯಾಸವಿರುವ ನಮಗೆ ಇದು ಹೇಳುವಷ್ಟು ಕಷ್ಟವಲ್ಲ.

ದಿನವನ್ನು ಆರಿಸುವಾಗ ಸೋಮವಾರ, ಮಂಗಳವಾರಗಳನ್ನು ಬಿಟ್ಟುಬಿಡಿ, ಏಕೆಂದರೆ ಮ್ಯೂಸಿಯಂಗಳ ವಾರದ ರಜೆ ಹೆಚ್ಚಾಗಿ ಆ ದಿನಗಳಲ್ಲೇ ಬರುತ್ತದೆ. ಇದಲ್ಲದೆ ರಷ್ಯಾದ ಮ್ಯೂಸಿಯಂಗಳು ತಿಂಗಳಿಗೊಂದು ದಿನ ಸ್ವಚ್ಛತೆಗೆಂದು ಬಾಗಿಲು ಹಾಕುವ ಪದ್ಧತಿಯೂ ಇದೆ. ತಿಂಗಳುಗಳಲ್ಲಿ ಮೇ ಕೊನೆಯಿಂದ ಸೆಪ್ಟೆಂಬರ್ ನಡುವಿನವರೆಗೆ ಅನುಕೂಲ. ಜೂನ್‌ನಲ್ಲಿ ಹದಿನೇಳು ಗಂಟೆಗೂ ಮೀರಿದ ಹಗಲು ಇರುತ್ತದೆ. ಡಿಸೆಂಬರ್‌ನಲ್ಲಿ ಮಧ್ಯಾಹ್ನ ನಾಲ್ಕಕ್ಕೆಲ್ಲ ಕತ್ತಲು. ಆಗ ಹೋಗುವವರು ಇಲ್ಲಿ ಹೇಳಿರುವ ಎಡದಂಡೆಯ ನಡಿಗೆಯನ್ನು ಬೆಳಗಿಗೆ ತಂದುಕೊಂಡು, ಚಿತ್ರಶಾಲೆಯನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳಬೇಕು.

ರೈಲು ಹೊರಡುವುದು ಮಾಸ್ಕೋದ ಲೆನಿನ್‌ಗ್ರಾದ್‌ಸ್ಕಿ ನಿಲ್ದಾಣದಿಂದ. ಮೆಟ್ರೊದಲ್ಲಿ ಕೊಮ್ಸೊಮೋಲ್ಸ್ಕಯಾದಲ್ಲಿ ಇಳಿದರೆ ಎದುರಿಗೇ ಸಿಗುತ್ತದೆ. ಸಪ್ಸಾನ್ ಎಂಬ ವೇಗದ ರೈಲು ಸುಮಾರು ಒಂದು ಗಂಟೆಯಲ್ಲಿ ತಲುಪಿಸುತ್ತದೆಯಾದರೂ ದರ ಹೆಚ್ಚು. ಲಾಸ್ತೊಚ್ಕ ಎಂಬ ರೈಲು ಎರಡು ಗಂಟೆಯೊಳಗೆ ತಲುಪಿಸುತ್ತದೆ, ದಿನದಲ್ಲಿ ಹಲವು ಬಾರಿ ಓಡುತ್ತದೆ, ಆಸನಗಳೂ ಚೆನ್ನಾಗಿವೆ. ನನ್ನ ಮಟ್ಟಿಗೆ ಇದೇ ಸರಿಯಾದ ಆಯ್ಕೆ. ಬೆಳಿಗ್ಗೆ ಏಳರ ಸುಮಾರಿನ ರೈಲು ಹಿಡಿದರೆ ಒಂಬತ್ತಕ್ಕೆ ತ್ವೇರ್‌ನಲ್ಲಿರಬಹುದು. ಭಾನುವಾರ ಸಂಜೆ ಮಾಸ್ಕೋ ಕಡೆಗೆ ಜನಸಂದಣಿ ಇರುವುದರಿಂದ ವಾಪಸು ಟಿಕೆಟ್ಟನ್ನೂ ಆಗಲೇ ತೆಗೆದಿಡಬೇಕು.

ಬೆಳಿಗ್ಗೆ: ಬಲದಂಡೆ

ನಿಲ್ದಾಣ ಊರಿನ ನಡುಭಾಗದಿಂದ ಸುಮಾರು ಮೂರು ಕಿಲೋಮೀಟರ್ ದೂರದಲ್ಲಿದೆ. ಬಸ್ಸುಗಳಿವೆ, ಟ್ಯಾಕ್ಸಿಯೂ ದುಬಾರಿಯಲ್ಲ. ಆದರೆ ಹತ್ತುವ ಮೊದಲೇ ನಗದು ಕೊಡುವುದಾಗಿ ಹೇಳಿ. ಮ್ಯೂಸಿಯಂಗಳು ಹತ್ತು ಅಥವಾ ಹನ್ನೊಂದಕ್ಕೆ ಮೊದಲು ತೆರೆಯುವುದಿಲ್ಲವಾದ್ದರಿಂದ ಆ ಹೊತ್ತನ್ನು ಬೇಲಯಾ ತ್ರೋಯಿತ್ಸ, ಅಂದರೆ ಬಿಳಿ ತ್ರಿತ್ವದ ಇಗರ್ಜಿಗೆ ಮೀಸಲಿಡುವುದು ಜಾಣತನ. ವೋಲ್ಗಾ ಸೇರುವ ತ್ಮಾಕ ಎಂಬ ಚಿಕ್ಕ ಹೊಳೆಯ ಆಚೆ, ಗದ್ದಲವಿಲ್ಲದ ಮನೆಗಳ ನಡುವೆ ಇದು ನಿಂತಿದೆ. 1564ರಲ್ಲಿ ಕಟ್ಟಿದ ಇದು ಊರಿನಲ್ಲಿ ಉಳಿದಿರುವ ಕಲ್ಲು-ಇಟ್ಟಿಗೆಯ ಕಟ್ಟಡಗಳಲ್ಲಿ ಅತ್ಯಂತ ಹಳೆಯದು, ಅಂದರೆ ನಮ್ಮಲ್ಲಿ ತಾಳಿಕೋಟೆಯ ಯುದ್ಧ ನಡೆಯುವುದಕ್ಕೆ ಹಿಂದಿನ ವರ್ಷದ್ದು. ಇದರ ಮಾಳಿಗೆಯಲ್ಲಿ ಗುಪ್ತ ಕೋಣೆಗಳಿದ್ದು, 17ನೆಯ ಶತಮಾನದ ಆರಂಭದಲ್ಲಿ ಪೋಲಿಷ್-ಲಿಥುವೇನಿಯನ್ ದಂಡು ಬಂದಾಗ ಊರ ಜನ ಅಲ್ಲಿ ಅಡಗಿದ್ದರೆಂದು ಹೇಳುತ್ತಾರೆ. ಪೂಜೆ ನಡೆಯುವ ಇಗರ್ಜಿಯಾದ್ದರಿಂದ ಹೆಂಗಸರು ತಲೆಗೆ ವಸ್ತ್ರ ಹೊದ್ದು, ಗಂಡಸರು ಟೋಪಿ ತೆಗೆದು ಒಳಗೆ ಹೋಗಬೇಕು. ಚಪ್ಪಲಿ ಬಿಡಬೇಕಾಗಿಲ್ಲ. ಫೋಟೋಗೆ ಮೇಣದಬತ್ತಿ ಮಾರುವ ಅಜ್ಜಿಯನ್ನು ಕೇಳಿ; ಅವರು ಬೇಡವೆಂದರೆ ಬೇಡ.

ಅಲ್ಲಿಂದ ತ್ಮಾಕವನ್ನು ದಾಟಿ ಬಂದರೆ ಹಳೆಯ ಕೋಟೆಯಿದ್ದ ಜಾಗ ಸಿಗುತ್ತದೆ. ಹೊಳೆ ವೋಲ್ಗಾವನ್ನು ಸೇರುವಲ್ಲಿ ಎತ್ತರದ ವಿಜಯಸ್ತಂಭವೂ ಆರದ ಜ್ಯೋತಿಯೂ ಇವೆ, 1970ರಲ್ಲಿ ನಿಲ್ಲಿಸಿದ್ದು. ಮುಂದಕ್ಕೆ ನಡೆದರೆ ಸಾಬೋರ್ನಯಾ ಚೌಕ, ಅದರ ಒಂದು ಮಗ್ಗುಲಿಗೆ ತ್ವೇರ್‌ನ ಅರಮನೆ, ಎದುರಿಗೆ ಹೊಸದಾಗಿ ಎದ್ದಿರುವ ರೂಪಾಂತರದ ಮಹಾ ಇಗರ್ಜಿ. ಈ ಇಗರ್ಜಿಗೆ ಮೊದಲು ಅಡಿಗಲ್ಲು ಬಿದ್ದದ್ದು 1285ರಲ್ಲಿ. 1935ರಲ್ಲಿ ಕೆಡವಿದ್ದನ್ನು ಈ ಶತಮಾನದಲ್ಲಿ ಅದೇ ತಾಣದಲ್ಲಿ ಮತ್ತೆ ಕಟ್ಟಿದ್ದಾರೆ. ಗೋಡೆಗಳು ತೀರ ಹೊಸವು, ಕಣ್ಣಿಗೆ ಹೊಡೆಯುವಷ್ಟು ಬಿಳಿ. ಇಂಥ ಪುನರ್ನಿರ್ಮಾಣವನ್ನು ಮೆಚ್ಚದವರು ಇರಬಹುದು. ನನಗಂತೂ ಅದಿಲ್ಲದೆ ಚೌಕದ ಆಕಾರ ಅರ್ಥವಾಗುತ್ತಿರಲಿಲ್ಲ. ಸಮೀಪದಲ್ಲೇ ರಾಜ ಮಿಖಾಯಿಲ್ ಯಾರೊಸ್ಲಾವಿಚ್ ಕುದುರೆಯೇರಿದ ಪ್ರತಿಮೆ ಇದೆ. ಮಾಸ್ಕೋದ ಪ್ರತಿಸ್ಪರ್ಧಿಯಾಗಿದ್ದ ಈತನನ್ನು 1318ರಲ್ಲಿ ಮಂಗೋಲರ ದರ್ಬಾರಿಗೆ ಕರೆಸಿ ಕೊಂದರು, ಮುಂದೆ ಇಗರ್ಜಿ ಇವನನ್ನು ಸಂತನೆಂದು ಸಾರಿತು.

ಬೆಳಗಿನ ಹೆಚ್ಚಿನ ಸಮಯ ಅರಮನೆಗೆ ಸಲ್ಲಬೇಕು. ಇದರ ಪೂರ್ಣ ಹೆಸರು ಪುತೆವೋಯ್ ದ್ವರೇತ್ಸ್, ದಾರಿಯಲ್ಲಿ ತಂಗುವ ಅರಮನೆ. 1763ರ ಬೆಂಕಿಯ ಸುದ್ದಿ ತಿಳಿದ ಸಾಮ್ರಾಜ್ಞಿ ಎರಡನೆಯ ಕ್ಯಾಥರೀನ್ ಊರನ್ನು ಹೊಸ ನಕಾಶೆಯ ಮೇಲೆ ಕಟ್ಟಿಸಲು ಹೊರಟಾಗ, ಎರಡು ರಾಜಧಾನಿಗಳ ನಡುವೆ ಓಡಾಡುವ ಅರಸರು ಇಳಿದುಕೊಳ್ಳಲೆಂದು 1764ರಿಂದ 1766ರ ನಡುವೆ ಇದು ಎದ್ದಿತು. ಕೆಲಸದ ಹೊಣೆ ಹೊತ್ತ ವಾಸ್ತುಶಿಲ್ಪಿಯ ಹೆಸರು ಪ್ಯೋತ್ರ್ ನಿಕಿತಿನ್. ನಮ್ಮ ಅಫನಾಸಿಗೂ ಇವನಿಗೂ ಸಂಬಂಧವಿಲ್ಲ. 1809ರಲ್ಲಿ ವಾಸ್ತುಶಿಲ್ಪಿ ಕಾರ್ಲೊ ರೊಸ್ಸಿ ಇದನ್ನು ಮಾರ್ಪಡಿಸಿದ್ದು ಚಕ್ರವರ್ತಿ ಒಂದನೆಯ ಅಲೆಕ್ಸಾಂಡರನ ತಂಗಿ ಯೆಕತೆರೀನ ಪಾವ್ಲೊವ್ನಳ ವಾಸಕ್ಕಾಗಿ. ಈಗ ಇಲ್ಲಿ ತ್ವೇರ್ ಪ್ರಾಂತ್ಯದ ಚಿತ್ರಶಾಲೆ ಇದೆ.

ಒಳಗೆ ಎಲ್ಲ ಕೋಣೆಗಳಿಗೂ ಸಮನಾಗಿ ಕಾಲ ಕೊಡಬೇಕಾಗಿಲ್ಲ. ಅರಸರ ಭಾವಚಿತ್ರಗಳನ್ನೂ ಪಿಂಗಾಣಿಯನ್ನೂ ಬೇಗ ದಾಟಿ ವೆನೆತ್ಸಿಯಾನೊವ್ ಮತ್ತು ಅವನ ಶಿಷ್ಯರ ಚಿತ್ರಗಳ ಮುಂದೆ ನಿಲ್ಲಿ. ಈ ಪ್ರಾಂತ್ಯದ ಹಳ್ಳಿಯಲ್ಲೇ ನೆಲೆಸಿ, ಹೊಲಗೆಲಸದ ರೈತರನ್ನು, ಮಕ್ಕಳನ್ನು, ಒಕ್ಕಲುಮನೆಯ ಒಳಾಂಗಣವನ್ನು ಚಿತ್ರಿಸಿದ ಈತ ಜೀತದಾಳುಗಳ ಮಕ್ಕಳಿಗೂ ಚಿತ್ರಕಲೆ ಕಲಿಸಿದವನು. ಅರಮನೆಯ ಗಿಲೀಟಿನ ನಡುವೆ ಆ ಮುಖಗಳನ್ನು ನೋಡುವುದೇ ಒಂದು ಅನುಭವ. ಮತ್ತೊಂದು ಸಂಗತಿಯನ್ನು ಇಲ್ಲಿ ನೆನಪಿಡಬೇಕು: 1811ರ ಮಾರ್ಚ್‌ನಲ್ಲಿ ಇತಿಹಾಸಕಾರ ಕರಮ್ಜಿನ್ ತಾನು ಬರೆಯುತ್ತಿದ್ದ ರಷ್ಯಾದ ಇತಿಹಾಸದ ಭಾಗಗಳನ್ನು ಇದೇ ಅರಮನೆಯಲ್ಲಿ ಚಕ್ರವರ್ತಿಗೆ ಓದಿ ಹೇಳಿದ. ಮಠವೊಂದರ ಹಸ್ತಪ್ರತಿಗಳಲ್ಲಿ ಹುದುಗಿದ್ದ ಅಫನಾಸಿ ನಿಕಿತಿನ್‌ನ ಬರಹವನ್ನು ಗುರುತಿಸಿ ಓದುಗರ ಮುಂದಿಟ್ಟವನೂ ಈ ಕರಮ್ಜಿನನೇ.

ಅರಮನೆಯ ಹಿಂಬದಿಗೆ ವೋಲ್ಗಾದವರೆಗೆ ಹರಡಿರುವ ಉದ್ಯಾನದಲ್ಲಿ ಕೋಟೆಯ ಗುರುತು ಎಲ್ಲೂ ಕಾಣದು. ದಂಡೆಯ ಕಟಕಟೆಗೆ ಒರಗಿ ನಿಂತ, ಎತ್ತರದ ಟೋಪಿಯ ಪುಷ್ಕಿನ್ ಪ್ರತಿಮೆ ಅಲ್ಲಿದೆ.

ಊಟ

ಉದ್ಯಾನದಿಂದ ಸೊವೆತ್ಸ್ಕಯಾ ಬೀದಿ ಹಿಡಿದು ಪೂರ್ವಕ್ಕೆ ನಡೆಯಿರಿ. ಬೆಂಕಿಯ ನಂತರದ ಯೋಜನೆಯಲ್ಲಿ ತ್ರಿಶೂಲದಂತೆ ಕವಲೊಡೆದ ಮೂರು ಬೀದಿಗಳಲ್ಲಿ ಇದು ನಡುವಿನದು. ದಾರಿಯಲ್ಲಿ ಸಿಗುವ ಎಂಟು ಮೂಲೆಗಳ ಚೌಕವೂ ಅದೇ ಯೋಜನೆಯ ಭಾಗ. ಇದಕ್ಕೆ ಅಡ್ಡಲಾಗಿರುವ ತ್ರ್ಯೊಖ್‌ಸ್ವ್ಯಾತ್ಸ್ಕಯಾ ಬೀದಿಗೆ ವಾಹನಗಳಿಲ್ಲ, ಊಟದ ಮನೆಗಳು ಹೆಚ್ಚಾಗಿ ಇಲ್ಲೇ. ವಾರದ ದಿನಗಳಲ್ಲಿ ಮಧ್ಯಾಹ್ನ ಕಡಿಮೆ ದರಕ್ಕೆ ಕೊಡುವ ಬಿಜ್ನೆಸ್ ಲಂಚ್ ಎಂಬ ಊಟವನ್ನು ಕೇಳಿ. ಅದಕ್ಕಿಂತ ಸರಳವಾದದ್ದು ಸ್ತಲೋವಯಾ, ತಟ್ಟೆ ಹಿಡಿದು ಸಾಲಿನಲ್ಲಿ ಸಾಗಿ ಕಂಡದ್ದನ್ನು ಬೆರಳು ತೋರಿಸಿ ಹಾಕಿಸಿಕೊಳ್ಳುವ ಕ್ಯಾಂಟೀನು. ಭಾಷೆ ಬಾರದವರಿಗೂ ಸಸ್ಯಾಹಾರಿಗಳಿಗೂ ಇದೇ ಅನುಕೂಲ.

ಸಸ್ಯಾಹಾರಿಗಳು "ಬೆಜ್ ಮ್ಯಾಸ" ಎಂದರೆ ಮಾಂಸವಿಲ್ಲದ್ದು ಎಂದು ತಿಳಿಯುತ್ತದೆಯಾದರೂ ಸೂಪಿನ ವಿಷಯದಲ್ಲಿ ಆ ಮಾತು ಸಾಲದು. ಎಲೆಕೋಸಿನ ಸೂಪು, ಬೀಟ್‌ರೂಟಿನ ಸೂಪು ಎಲ್ಲಕ್ಕೂ ಬುಡದಲ್ಲಿ ಮಾಂಸದ ರಸವೇ ಇರುತ್ತದೆ. ಆಲೂಗಡ್ಡೆ ತುಂಬಿದ ಕಡುಬಿನಂಥ ವರೇನಿಕಿ, ಗಿಣ್ಣಿನಂಥ ತ್ವೋರೊಗ್ ತುಂಬಿ ಮಡಚಿದ ತೆಳು ದೋಸೆಯಂಥ ಬ್ಲಿನಿ, ಎಲೆಕೋಸು ತುಂಬಿದ ಪಿರೊಝ್ಕಿ, ಬೇಯಿಸಿದ ಗ್ರೇಚ್ಕ ಧಾನ್ಯ ಇವುಗಳಲ್ಲಿ ಹೊಟ್ಟೆ ತುಂಬುತ್ತದೆ. ಮೊಟ್ಟೆಯನ್ನೂ ಬಿಟ್ಟವರು ಬ್ಲಿನಿಯನ್ನು ಬಿಡಬೇಕಾಗುತ್ತದೆ. ಬೀದಿಯಿಂದ ತುಸು ಆಚೆ ರದೀಶ್ಚೆವ್ ಬುಲೆವಾರ್‌ನಲ್ಲಿ ಬೆಂಚಿನ ಮೇಲೆ ಕುಳಿತ ಗಾಯಕ ಮಿಖಾಯಿಲ್ ಕ್ರೂಗ್‌ನ ಪ್ರತಿಮೆ ಇದೆ. 2002ರಲ್ಲಿ ಕೊಲೆಯಾದ ಈ ಊರಿನ ಹಾಡುಗಾರನ ಪಕ್ಕ ಕೂತು ಫೋಟೋ ತೆಗೆಸಿಕೊಳ್ಳುವ ರಷ್ಯನ್ ಪ್ರವಾಸಿಗರನ್ನು ನೋಡಿದರೆ, ಅವರು ಬಂದದ್ದು ಅರಮನೆಗೋ ಇವನಿಗೋ ಎಂಬ ಅನುಮಾನ ಬರುತ್ತದೆ.

ಮಧ್ಯಾಹ್ನದ ನಂತರ: ಎಡದಂಡೆ

ಊಟದ ಬಳಿಕ ನೊವೊವೋಲ್ಝ್‌ಸ್ಕಿ ಸೇತುವೆಯ ಮೇಲೆ ನದಿ ದಾಟಿ. 1956ರ ಈ ಸೇತುವೆಗೆ ಬಳಸಿದ್ದು ಇಂದಿನ ಸೇಂಟ್ ಪೀಟರ್ಸ್‌ಬರ್ಗ್ ಆದ ಲೆನಿನ್‌ಗ್ರಾದ್‌ನಲ್ಲಿ ನೆವಾ ನದಿಯ ಮೇಲಿದ್ದ ಹಳೆಯ ಸೇತುವೆಯ ಕಬ್ಬಿಣದ ತೊಲೆಗಳನ್ನು. ದಾಟಿದ ಮೇಲೆ ಬಲಕ್ಕೆ ತಿರುಗಿ, ಹರಿವಿನ ದಿಕ್ಕಿನಲ್ಲಿ ದಂಡೆಗುಂಟ ಹೋದರೆ ತ್ವೆರ್ತ್ಸ ನದಿ ವೋಲ್ಗಾವನ್ನು ಸೇರುವ ತಾಣ ಬರುತ್ತದೆ. ಅಲ್ಲಿದ್ದ ಓತ್ರೊಚ್ ಮಠದಲ್ಲಿ ಉಳಿದಿರುವುದು 1722ರ ಒಂದು ಇಗರ್ಜಿ ಮಾತ್ರ. ತ್ಸಾರ್, ಅಂದರೆ ರಷ್ಯಾದ ಅರಸ, ಇವಾನ್ ದಿ ಟೆರಿಬಲ್‌ನ ಕ್ರೌರ್ಯವನ್ನು ಬಹಿರಂಗವಾಗಿ ಖಂಡಿಸಿದ್ದಕ್ಕೆ ಪದವಿ ಕಳೆದುಕೊಂಡ ಧರ್ಮಾಧ್ಯಕ್ಷ ಫಿಲಿಪ್‌ನನ್ನು ಇಲ್ಲೇ ಸೆರೆಯಲ್ಲಿಟ್ಟಿದ್ದರು. 1569ರಲ್ಲಿ ತ್ಸಾರನ ಆಪ್ತ ಮಲ್ಯೂತ ಸ್ಕುರಾತೊವ್ ಅವನನ್ನು ಕೊಂದನೆಂದು ಇತಿಹಾಸ ಹೇಳುತ್ತದೆ. ಮಠದ ನೆಲದ ಮೇಲೆ 1938ರಲ್ಲಿ ಕಟ್ಟಿದ ಹಡಗು ನಿಲ್ದಾಣದ ಸೊಗಸಾದ ಕಟ್ಟಡವೂ 2017ರಲ್ಲಿ ಅರ್ಧ ಕುಸಿಯಿತು. ದಂಡೆಯ ಈ ಭಾಗದಲ್ಲಿ ನಡೆಯುವಾಗ ಎದುರುದಡದ ಸ್ತೆಪಾನ್ ರಾಜಿನ್ ದಂಡೆಬೀದಿಯನ್ನು ನೋಡುತ್ತಿರಿ: ಒಂದಕ್ಕೊಂದು ಅಂಟಿಕೊಂಡು ಒಂದೇ ಮುಖವಾಗಿ ನಿಂತ 18ನೆಯ ಶತಮಾನದ ಮನೆಗಳ ಸಾಲು ಅದು. ಹತ್ತಿರ ಹೋದರೆ ಸುಣ್ಣ ಉದುರಿದ್ದು ಕಾಣುತ್ತದೆ, ಈಚೆ ದಡದಿಂದ ಅದು ತಿಳಿಯುವುದಿಲ್ಲ.

ಬಂದ ದಾರಿಯಲ್ಲೇ ಹಿಂತಿರುಗಿ ಸೇತುವೆಯನ್ನು ಹತ್ತದೆ, ಅದರಾಚೆಗೆ ಎಡದಂಡೆಯಲ್ಲೇ ಮುಂದೆ ಬಂದರೆ ದಂಡೆಗೆ ಅಫನಾಸಿ ನಿಕಿತಿನ್ ಎಂದೇ ಹೆಸರು. 1955ರಲ್ಲಿ ನಿಲ್ಲಿಸಿದ ಅವನ ಕಂಚಿನ ಪ್ರತಿಮೆ ಎತ್ತರದ ಪೀಠದ ಮೇಲಿದ್ದು, ಬುಡದಲ್ಲಿ ದೋಣಿಯ ಆಕಾರವಿದೆ. ದೋಣಿಯ ಮೂತಿಯಲ್ಲಿ ಕುದುರೆಯ ತಲೆ. ಮಾಸ್ಕೋಗೆ ಬಂದ ನೆಹರೂ "ಭಾರತಕ್ಕೆ ಬಂದ ಮೊದಲ ರಷ್ಯನ್ನನಿಗೆ ಸ್ಮಾರಕವಿದೆಯೇ" ಎಂದು ಕೇಳಿದಾಗ ಸೋವಿಯತ್ ನಾಯಕ ಕ್ರುಶ್ಚೆವ್ "ಇದೆ" ಎಂದು ಹೇಳಿಬಿಟ್ಟು, ಆಮೇಲೆ ತರಾತುರಿಯಲ್ಲಿ ಮಾಡಿಸಿದ ಎಂದು ಊರಿನವರು ಒಂದು ಕತೆ ಹೇಳುತ್ತಾರೆ. ಕತೆಯನ್ನು ಕತೆಯಾಗಿಯೇ ಕೇಳಿ ನಕ್ಕು ಸುಮ್ಮನಾಗಬೇಕು.

ಆ ಕುದುರೆಯ ತಲೆಯ ಮುಂದೆ ಮಾತ್ರ ಸ್ವಲ್ಪ ನಿಲ್ಲಬೇಕು. ನಿಕಿತಿನ್ ಹೊರಟದ್ದು ಭಾರತಕ್ಕಲ್ಲ, ಕ್ಯಾಸ್ಪಿಯನ್ ಕಡೆಯ ವ್ಯಾಪಾರಕ್ಕೆ. ವೋಲ್ಗಾದ ಕೆಳಭಾಗದಲ್ಲಿ ಸರಕು ಲೂಟಿಯಾಗಿ, ಬರಿಗೈಯಲ್ಲಿ ಊರಿಗೆ ಮರಳಲಾರದೆ ಪರ್ಷಿಯಾದ ಮೂಲಕ ಹೊರ್ಮುಜ್ ತಲುಪಿ, ಭಾರತದಲ್ಲಿ ಕುದುರೆಗೆ ಒಳ್ಳೆಯ ಬೆಲೆಯಿದೆಯೆಂದು ತಿಳಿದು ಒಂದು ಗಂಡುಕುದುರೆಯೊಡನೆ ಹಡಗು ಹತ್ತಿ ಕೊಂಕಣ ಕರಾವಳಿಯ ಚೌಲ್ ಬಂದರಿಗೆ ಬಂದ. ಆ ಕುದುರೆಗೆ ನೂರು ರೂಬಲ್ ಬಿದ್ದಿತ್ತೆಂದು ಅವನೇ ಬರೆದಿದ್ದಾನೆ. ಜುನ್ನರ್‌ನ ಅಧಿಕಾರಿ ಅಸದ್ ಖಾನ್ ಕುದುರೆಯನ್ನು ಕಿತ್ತುಕೊಂಡು, ಮತ ಬದಲಿಸಿದರೆ ಮಾತ್ರ ಹಿಂದಿರುಗಿಸುವುದಾಗಿ ಹೇಳಿದ. ಖುರಾಸಾನಿನ ಒಬ್ಬ ಖ್ವಾಜಾನ ಮಧ್ಯಸ್ಥಿಕೆಯಿಂದ ಅದು ಮರಳಿ ಸಿಕ್ಕಿತು. ಕೊನೆಗೆ ಅದನ್ನು ಮಾರಿದ್ದು ಬೀದರ್‌ನಲ್ಲಿ. ಮಹಮೂದ್ ಗವಾನ್ ಬಹಮನಿ ರಾಜ್ಯದ ಮಂತ್ರಿಯಾಗಿದ್ದ ದಿನಗಳವು. ಸುಲ್ತಾನನ ಅರಮನೆಗೆ ಏಳು ಬಾಗಿಲುಗಳೆಂದೂ, ಪ್ರತಿ ಬಾಗಿಲಲ್ಲೂ ನೂರು ಕಾವಲುಗಾರರು ಮತ್ತು ಬಂದವರ, ಹೋದವರ ಹೆಸರನ್ನು ಬರೆದುಕೊಳ್ಳುವ ನೂರು ಲೆಕ್ಕಿಗರು ಕುಳಿತಿರುತ್ತಾರೆಂದೂ ಅವನು ಬರೆದ. ರಾಯಚೂರಿನ ವಜ್ರಗಳ ಸುದ್ದಿಯೂ, ಶಿವರಾತ್ರಿಗೆಂದು ಹೊರಟ ಹಿಂದೂಗಳ ಜೊತೆ ಶ್ರೀಶೈಲಕ್ಕೆ ಹೋದದ್ದೂ ಅವನ ಬರಹದಲ್ಲಿವೆ. ಮರಳುವ ದಾರಿಯಲ್ಲಿ, ಸ್ಮೊಲೆನ್ಸ್ಕ್ ತಲುಪುವ ಮೊದಲೇ ಅವನು ತೀರಿಕೊಂಡ. ಬರಹ 1475ರಲ್ಲಿ ಮಾಸ್ಕೋ ಸೇರಿತು. ಇಷ್ಟನ್ನು ತಿಳಿದು ಹೋದವರಿಗೆ ಈ ಪ್ರತಿಮೆ ಬರಿಯ ಕಂಚಾಗಿ ಕಾಣದು. ಹೊರಡುವ ಮೊದಲು ಅವನ ಬರಹದ ಇಂಗ್ಲಿಷ್ ಅನುವಾದವನ್ನು ಓದಿಕೊಂಡರೆ ಇನ್ನೂ ಉತ್ತಮ, ಪುಟಗಳು ಹೆಚ್ಚಿಲ್ಲ. ಅವನ ಹೆಸರಿನ ಬಿಯರ್ ಕೂಡ ಈ ಊರಿನಲ್ಲಿ ತಯಾರಾಗುತ್ತದೆ.

ಮರಳುವಾಗ

ಪ್ರತಿಮೆಯಿಂದ ದಂಡೆಗುಂಟ ಇನ್ನೂ ಮೇಲಕ್ಕೆ ನಡೆದು, 1900ರ ಸ್ತಾರೊವೋಲ್ಝ್‌ಸ್ಕಿ ಎಂಬ ಕಬ್ಬಿಣದ ಸೇತುವೆಯ ಮೂಲಕ ಅರಮನೆಯ ಕಡೆಗೆ ದಾಟಬಹುದು. ಅದು ದುರಸ್ತಿಗೆ ಮುಚ್ಚಿದ್ದರೆ ಬಂದ ಸೇತುವೆಯೇ ಗತಿ, ಹಾಗಾಗಿ ಬೆಳಿಗ್ಗೆ ಉದ್ಯಾನದಲ್ಲಿದ್ದಾಗಲೇ ಅದರ ಮೇಲೆ ಜನ ಓಡಾಡುತ್ತಿದ್ದಾರೆಯೇ ಎಂದು ನೋಡಿಕೊಂಡಿರಿ. ಬೆಳಗಿನಿಂದ ನಡೆದದ್ದು ಹತ್ತು ಕಿಲೋಮೀಟರ್ ಸಮೀಪಕ್ಕೆ ಬಂದಿರುತ್ತದೆ. ವಯಸ್ಸಾದವರು ಜೊತೆಗಿದ್ದರೆ ಓತ್ರೊಚ್ ಮಠದ ಭಾಗವನ್ನು ಕೈಬಿಟ್ಟು, ನಿಕಿತಿನ್ ಪ್ರತಿಮೆಯವರೆಗೆ ಟ್ಯಾಕ್ಸಿಯಲ್ಲಿ ಹೋಗುವುದು ಲೇಸು. ರೈಲಿಗೆ ಮುಕ್ಕಾಲು ಗಂಟೆ ಮೊದಲೇ ನಡುಭಾಗವನ್ನು ಬಿಡಬೇಕು, ಏಕೆಂದರೆ ನಿಲ್ದಾಣದ ಬಾಗಿಲಲ್ಲಿ ಚೀಲಗಳನ್ನು ತಪಾಸಣೆ ಮಾಡುತ್ತಾರೆ, ಸಂಜೆ ಅಲ್ಲಿ ಸಾಲು ಬೆಳೆಯುತ್ತದೆ.

ಮತ್ತೊಂದು ದಿನ ಕೈಯಲ್ಲಿದ್ದರೆ ತ್ವೇರ್‌ನಲ್ಲೇ ರಾತ್ರಿ ತಂಗಿ, ರೈಲು ನಿಲ್ದಾಣದ ಪಕ್ಕದಲ್ಲಿರುವ ಬಸ್ ನಿಲ್ದಾಣದಿಂದ ಸುಮಾರು ಅರವತ್ತು ಕಿಲೋಮೀಟರ್ ದೂರದ ತೊರ್ಝೊಕ್‌ಗೆ ಹೋಗಿಬನ್ನಿ. ಚಿನ್ನದ ಎಳೆಯ ಕಸೂತಿಗೆ ಹೆಸರಾದ ಆ ಪಟ್ಟಣದಲ್ಲಿ ಬೆಟ್ಟದ ಮೇಲಿನ ಬೋರಿಸ್-ಗ್ಲೇಬ್ ಮಠವೂ, ತ್ವೆರ್ತ್ಸ ನದಿಯ ಮೇಲ್ಭಾಗವೂ ಅರ್ಧ ದಿನದಲ್ಲಿ ಮುಗಿಯುತ್ತವೆ.